ಬಂಗಡೆ ಲಾರಿ ಬಿದ್ದ ದಿನ

ಮೊನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ನನ್ನ ಫೋನು ಒಂದು ಪ್ರಶ್ನೆ ಕೇಳಿತು. ‘ನಿಮ್ಮ ಹಳೆಯ ಓಡಾಟದ ದಾಖಲೆಯನ್ನು ಅಳಿಸಲಾಗುವುದು. ಅದಕ್ಕೆ ಮೊದಲು ಒಮ್ಮೆ ನೋಡುವಿರಾ?’

ನನ್ನ ಓಡಾಟಕ್ಕೆ ದಾಖಲೆ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಯಾವತ್ತೋ ಒಂದು ದಿನ, ಬಸ್ಸಿನ ಗಡಿಬಿಡಿಯಲ್ಲೋ ಸಾರಿಗೆ ಉಪ್ಪು ಹಾಕುವ ಹೊತ್ತಿನಲ್ಲೋ, ‘ಒಪ್ಪಿದ್ದೇನೆ’ ಎಂದು ಒತ್ತಿರಬೇಕು. ಇದನ್ನು ನಿಮ್ಮೆದುರು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಏಕೆಂದರೆ ಸುಲಭಕ್ಕೆ ಒಪ್ಪುವ ಜಾತಿಯವನಲ್ಲ ನಾನು. ಧಾರವಾಡದಲ್ಲಿ ಎರಡು ವರ್ಷ ತತ್ವಶಾಸ್ತ್ರ ಓದಿ, ಕುಮಟೆಯಲ್ಲಿ ಇಪ್ಪತ್ತೈದು ವರ್ಷದಿಂದ ಅದನ್ನೇ ಪಾಠ ಮಾಡುತ್ತಿದ್ದೇನೆ. ಸಂಶಯಪಡುವುದು ನನ್ನ ಉದ್ಯೋಗ. ಹಿರೇಗುತ್ತಿಯ ನಮ್ಮ ಭಾವನವರು ಒಂದು ಮದುವೆ ಊಟದಲ್ಲಿ, ತಾವು ಹುಲಿಯನ್ನು ಮಾರು ದೂರದಿಂದ ಕಂಡದ್ದನ್ನು ವರ್ಣಿಸುತ್ತಿದ್ದಾಗ, “ಯಾರ ಮಾರು ಭಾವ, ನಿಮ್ಮದೋ ಹುಲಿಯದೋ?” ಎಂದು ಕೇಳಿದ್ದಕ್ಕೆ, ಪಾಯಸ ಬರುವ ತನಕ ಅವರು ನನ್ನೊಡನೆ ಮಾತು ಬಿಟ್ಟಿದ್ದರು. ನೆಂಟರಲ್ಲಿ ನನಗಿರುವ ಹೆಸರು ಪುರಾವೆ ಮಾಸ್ತರ. ಎದುರಿಗೆ ಯಾರೂ ಕರೆಯುವುದಿಲ್ಲ, ಆದರೆ ನಾನು ಒಳಗೆ ಬರುತ್ತಿದ್ದಂತೆ ಕಥೆ ಹೇಳುತ್ತಿದ್ದವರು ಒಮ್ಮೆ ನೀರು ಕುಡಿಯುತ್ತಾರೆ.

ಅಂಥವನು ಬಾಯಿ ತುಂಬ ನೊರೆ ಇಟ್ಟುಕೊಂಡು ‘ನೋಡುತ್ತೇನೆ’ ಎಂದು ಒತ್ತಿದೆ.

ಏಕೆ ಒತ್ತಿದೆ ಎಂದರೆ, ಅದೇ ವಾರ ಭಟ್ಕಳದಿಂದ ಶೈಲಕ್ಕನ ಧ್ವನಿ ಸಂದೇಶ ಬಂದಿತ್ತು. ಶೈಲಕ್ಕ ನನ್ನ ದೊಡ್ಡಮ್ಮನ ಮಗಳು. ದೊಡ್ಡಮ್ಮ ತೀರಿಕೊಂಡು ಈಗ ಐದು ವರ್ಷ.

“ತಮ್ಮಾ, ಅಮ್ಮನ ತಿಥಿ ಬಂತಲ್ಲ. ಈ ಸಲ ನಮ್ಮ ಪಲ್ಲವಿ ಅಜ್ಜಿ ಕಥೆ ಎಲ್ಲ ರೆಕಾರ್ಡ್ ಮಾಡ್ತಾಳಂತೆ. ನೆನಪಿದ್ದವರು ಒಂದೊಂದು ಹೇಳೂದು. ನೀನು ಆ ಬಂಗಡೆ ಲಾರಿದು ಹೇಳು ಮಾರಾಯಾ. ಅಮ್ಮ ಕೇಳಿದ ಕಡೇ ಕಥೆ ಅಲ್ದಾ ಅದು? ಮತ್ತೆ, ಹಿಂದಿನ ದಿವ್ಸನೇ ಬಾ.”

ಬಂಗಡೆ ಲಾರಿಯ ಕಥೆ ನಿಮಗೆ ಹೇಳಿಲ್ಲ ಅಲ್ಲವೇ? ಕುಮಟೆಯಲ್ಲಿ ಅದನ್ನು ಕೇಳದವರೇ ಉಳಿದಿಲ್ಲ. ಐದು ವರ್ಷದ ಹಿಂದೆ, ಮಳೆ ಮುಗಿದು ಮೀನಿನ ದೋಣಿಗಳು ಮತ್ತೆ ಕಡಲಿಗಿಳಿದ ದಿನಗಳಲ್ಲಿ ಒಂದು ಬೆಳಿಗ್ಗೆ ಶೈಲಕ್ಕ ಫೋನು ಮಾಡಿ, “ಅಮ್ಮ ನಿನ್ನ ಕೇಳ್ತಾ ಇದ್ದಾಳೆ, ಬಂದು ಹೋಗು” ಎಂದಳು. ಕಾಲೇಜಿಗೆ ರಜೆ ಹೇಳಿ ಸಿಕ್ಕಿದ ಬಸ್ಸು ಹತ್ತಿದೆ. ಹೊನ್ನಾವರದಲ್ಲಿ ಶರಾವತಿ ಸೇತುವೆಗೆ ಮುಂಚೆ ಬಂಗಡೆ ಮೀನು ತುಂಬಿದ ಲಾರಿಯೊಂದು ಮಗುಚಿತ್ತು. ರಸ್ತೆಯಿಡೀ ಬಂಗಡೆ. ಮೇಲೆ ಹದ್ದು, ಕೆಳಗೆ ಕಾಗೆ, ನಡುವೆ ಚೀಲ ಹಿಡಿದ ಜನ. ಹಸಿರು ಸೀರೆಯ ಒಬ್ಬಳು ಹೆಂಗಸು ಮಾತ್ರ ಚೀಲವಿಲ್ಲದೆ, ಒಂದೊಂದೇ ಬಂಗಡೆಯನ್ನು ಎತ್ತಿ, ಅದರ ಮುಖ ನೋಡಿ, ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಎರಡು ಗಂಟೆ ಹತ್ತಿರ ಬಸ್ಸು ನಿಂತಲ್ಲೇ ನಿಂತಿತು. ನಡುವೆ ಶೈಲಕ್ಕನ ಫೋನು ಬಂತು, ಕಂಡದ್ದನ್ನೆಲ್ಲ ಅವಳಿಗೆ ಹೇಳಿದೆ. ನಾನು ಭಟ್ಕಳ ಮುಟ್ಟುವ ಇಪ್ಪತ್ತು ನಿಮಿಷ ಮೊದಲು ದೊಡ್ಡಮ್ಮ ಹೋಗಿಬಿಟ್ಟಿದ್ದಳು.

ಈ ಕಥೆಯನ್ನು ನಾನು ಹದಿಮೂರನೆಯ ದಿನದ ಊಟಕ್ಕೆ ಹೇಳಿದೆ. ಆಮೇಲೆ ಮದುವೆ, ಗೃಹಪ್ರವೇಶ, ಒಮ್ಮೆ ಕಾರ್ಯಕಾರಣ ಸಂಬಂಧದ ಪಾಠದಲ್ಲೂ. ಹೇಳಿ ಹೇಳಿ ಅದು ಹೊಳೆಯ ಕಲ್ಲಿನಷ್ಟು ನುಣ್ಣಗಾಗಿತ್ತು. ಈಗ ಅದು ದಾಖಲಾಗುವುದಾದರೆ ಬಸ್ಸು ನಿಂತ ಹೊತ್ತು ಸರಿಯಾಗಿ ಗೊತ್ತಿರಲಿ ಎಂದು, ಪುರಾವೆಯ ಚಟದಿಂದಲೇ, ಆ ದಿನದ ಮೇಲೆ ಬೆರಳಿಟ್ಟೆ.

ನಕಾಶೆಯ ಮೇಲೆ ಒಂದು ನೀಲಿ ಗೆರೆ ಕುಮಟೆಯಿಂದ ಹೊರಟಿತು. ಹೊನ್ನಾವರಕ್ಕೆ ಬಂತು. ಅಲ್ಲಿ ಹೆದ್ದಾರಿ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ತಿರುಗಿತು. ತಿರುಗಿದ್ದು ಅಲ್ಲಿಂದ ಬೇಗ ಹೊರಡಲಿಲ್ಲ. ಅಲ್ಲೊಂದು ಚುಕ್ಕೆ. ಚುಕ್ಕೆಯ ಪಕ್ಕ ಬರೆದಿತ್ತು: ಹೋಟೆಲ್. ಒಂದು ಗಂಟೆ ಐವತ್ತು ನಿಮಿಷ. ಅದರ ಕೆಳಗೆ, ‘ನೀವು ಇಲ್ಲಿಗೆ ಭೇಟಿ ನೀಡಿದ್ದಿರಾ? ಹೌದು. ಇಲ್ಲ.’ ಆಮೇಲೆ ಗೆರೆ ಬೇರೊಂದು ಬಸ್ಸು ಹಿಡಿದು ಸೇತುವೆಯ ಮೇಲೆ ಒಂದು ಕ್ಷಣವೂ ತಡೆಯದೆ ಕಾಸರಕೋಡು, ಮಂಕಿ, ಮುರ್ಡೇಶ್ವರ ದಾಟಿ ಭಟ್ಕಳ ಸೇರಿತ್ತು.

ನೊರೆ ನುಂಗಿಬಿಟ್ಟೆ.

ಮೊದಲು ಬಂದದ್ದು ಸಿಟ್ಟು. ಈ ಯಂತ್ರವನ್ನು ನಂಬುವವರುಂಟೇ ಎಂದು ಬೇರೆ ದಿನಗಳನ್ನು ತೆಗೆದು ನೋಡಿದೆ. ಒಂದು ಭಾನುವಾರ ನಾನು ಶರಾವತಿಯ ನಡುನೀರಿನಲ್ಲಿ ನಲ್ವತ್ತು ನಿಮಿಷ ನಿಂತಿದ್ದೆನಂತೆ. ಇಡಗುಂಜಿಗೆ ಹೋದ ದಿನ ಗಣಪತಿಯ ಬದಲು ಯಾವುದೋ ವ್ಯಾಯಾಮಶಾಲೆಗೆ ಹೋಗಿದ್ದೆನಂತೆ. ಪಂಚಕಜ್ಜಾಯ ತಿಂದು ಬಂದ ನನ್ನ ಹೊಟ್ಟೆ ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ಸ್ವಲ್ಪ ಧೈರ್ಯ ಬಂತು. ಆದರೆ ಅಂದೇ ಮಧ್ಯಾಹ್ನ ಅದೇ ಫೋನು, ಯಾರೂ ಕೇಳದೆ, ‘ನಿಮ್ಮ ಸವಿನೆನಪುಗಳು’ ಎಂದು ಒಂದು ಪುಟ್ಟ ಚಿತ್ರಮಾಲೆ ಮಾಡಿ ಕಳಿಸಿತು. ದೊಡ್ಡಮ್ಮನ ಮನೆಯ ಜಗಲಿ, ಖಾಲಿ ಹೂವಿನ ಬುಟ್ಟಿ, ಕೋಲು ಊರಿದ ಅವಳ ಕೈ. ಹಿಂದೆ ಹುಟ್ಟುಹಬ್ಬಕ್ಕೆ ಬಾರಿಸುವಂಥ ಸಂಗೀತ. ಫೋನಿಗೆ ಅವಳ ಮುಖ ಗೊತ್ತಿತ್ತು. ಯಾವ ಮುಖಗಳನ್ನು ಒಟ್ಟಿಗೆ ಇಡಬೇಕೆಂಬುದೂ ಗೊತ್ತಿತ್ತು. ಅವಳು ಸತ್ತಿದ್ದಾಳೆ ಎಂಬುದೊಂದು ಮಾತ್ರ ಗೊತ್ತಿರಲಿಲ್ಲ. ನನ್ನನ್ನು ನಡುನೀರಿನಲ್ಲಿ ನಿಲ್ಲಿಸುವಷ್ಟು ದಡ್ಡ ಯಂತ್ರಕ್ಕೆ ನಾನು ಹೆದರಬೇಕಿಲ್ಲ, ಸರಿ. ಆದರೆ ಅದು ದಡ್ಡತನದಲ್ಲಿ ಆಡುವ ಸುಳ್ಳಿಗೆ ಕಾರಣವಿಲ್ಲ. ನನ್ನದಕ್ಕೆ ಇರಬಹುದು.

ದೊಡ್ಡಮ್ಮನ ವಿಷಯ ಹೇಳದೆ ಮುಂದೆ ಹೋದರೆ ನಿಮಗೆ ಇದು ಅರ್ಥವಾಗಲಿಕ್ಕಿಲ್ಲ.

ದೊಡ್ಡಮ್ಮ ಭಟ್ಕಳದಲ್ಲಿ ಮಲ್ಲಿಗೆ ಕಟ್ಟಿ ಮಾರುತ್ತಿದ್ದವಳು. ಹಿತ್ತಿಲಲ್ಲಿ ಹತ್ತಿಪ್ಪತ್ತು ಗಿಡ. ಬೆಳಿಗ್ಗೆ ಮೊಗ್ಗು ಬಿಡಿಸಿ, ಜಗಲಿಯಲ್ಲಿ ಕಾಲು ನೀಡಿ ಕೂತು, ಬಾಳೆನಾರನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಕಟ್ಟುವುದು. ಅಲ್ಲಿನ ನವಾಯತ ಮುಸ್ಲಿಮರ ಮನೆಗಳಲ್ಲಿ ಮದುವೆಯಿದ್ದರೆ ಅವಳಿಗೆ ಬಿಡುವಿಲ್ಲ. ಅವರ ಹೆಂಗಸರೊಡನೆ ಅವರದೇ ಮಾತಿನಲ್ಲಿ ಚೌಕಾಸಿ ಮಾಡುವಷ್ಟು ಕಲಿತಿದ್ದಳು. ಶಾಲೆಯ ರಜೆಯಲ್ಲಿ ನಾನು ಅಲ್ಲಿ ಮೊಗ್ಗು ಎಣಿಸಿ ಕೊಡುವವನು. ಕೈ ಕಟ್ಟುತ್ತಿದ್ದರೆ ಅವಳ ಬಾಯಿ ಕಥೆ ಹೇಳುತ್ತಿತ್ತು. ಕಥೆಗೆ ಅಳತೆ ಮೊಳದ್ದು. “ಇವತ್ತು ಎರಡು ಮೊಳದ್ದು ಸಾಕು, ಮೊಗ್ಗು ಕಡಿಮೆ” ಎನ್ನುವಳು. ಮೊಗ್ಗು ಮುಗಿದಲ್ಲಿ ಕಥೆ ಮುಗಿಯಿತು. ರಾಜಕುಮಾರ ಬಾವಿಯಲ್ಲಿ ಅರ್ಧ ಇಳಿದಿರಲಿ, ಅವನು ಅಲ್ಲೇ. ಮಾರನೆಯ ದಿನ ಕೇಳಿದರೆ ಅವನು ಬಾವಿಗೆ ಬಿದ್ದೇ ಇಲ್ಲ, ಸಂತೆಗೆ ಹೋಗಿದ್ದಾನೆ. “ನಿನ್ನೆ ಹಾಗೆ ಹೇಳಲಿಲ್ಲ!” ಎಂದು ನಾನು ಹಟ ಹಿಡಿದರೆ, “ನಿನ್ನೆಯ ಮೊಗ್ಗು ಇವತ್ತಿಗೆ ಬರ್ತದ್ಯಾ?” ಎನ್ನುವಳು.

ಅವಳಿಗೆ ಒಂದು ಕಟ್ಟುನಿಟ್ಟು ಇತ್ತು. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಕೂಡದು. ನಮ್ಮ ಕಡೆಯ ಹಿರಿಯರೆಲ್ಲ ಇದನ್ನು ಪಾಲಿಸುವವರೇ, ಆದರೆ ಅವಳದು ಅತಿ. ಹೂವಿನ ಬುಟ್ಟಿ ಹೊತ್ತು ಮೆಟ್ಟಿಲಿಳಿಯುವಾಗ ನಾನು ಬಾಯಿ ತಪ್ಪಿ “ಎಲ್ಲಿಗೆ ದೊಡ್ಡಮ್ಮ?” ಎಂದರೆ ಮುಗಿಯಿತು. ಬುಟ್ಟಿ ಇಳಿಸಿ, ಕೂತು, ಅರ್ಧ ಲೋಟ ನೀರು ಕುಡಿದು, ಮತ್ತೆ ಹೊರಡಬೇಕು. ಬಂದವರನ್ನು ‘ಎಲ್ಲಿದ್ದೆ’ ಎಂದು ಕೇಳುವುದೂ ಅವಳಿಗೆ ಆಗದು. “ಬಂದ್ಯಲ್ಲ, ಆತು. ಕೈಕಾಲು ತೊಳಿ.” ನಾನು ಇದನ್ನು ಮೂಢನಂಬಿಕೆ ಎನ್ನುತ್ತಿದ್ದೆ. ಈಗ ದಿನಕ್ಕೆ ಹತ್ತು ಸಲ ಎಲ್ಲಿಗೆ, ಎಲ್ಲಿದ್ದೆ ಎಂದು ಕೇಳುವುದನ್ನು, ಕೇಳದೆಯೂ ಬರೆದುಕೊಳ್ಳುವುದನ್ನು, ಅಂಗಿಯ ಕಿಸೆಯಲ್ಲಿ, ಎದೆಯ ಮೇಲೇ ಇಟ್ಟುಕೊಂಡು ತಿರುಗುತ್ತೇನೆ. ಅದು ಕೇಳಿದಾಗ ಕೂತು ನೀರು ಕುಡಿಯಲು ಹೊರಟರೆ ಬದುಕೆಲ್ಲ ಜಗಲಿಯಲ್ಲೇ ಕಳೆಯಬೇಕಾದೀತು.

ಧಾರವಾಡದ ಮೊದಲ ವರ್ಷ ಮುಗಿಸಿ ಬಂದ ಬೇಸಿಗೆಯಲ್ಲಿ ನಾನೊಂದು ಕೆಲಸ ಮಾಡಿದೆ. ಅವಳು ಯಾವುದೋ ಕಥೆಯ ನಡುವೆ ಇದ್ದಳು. ನಾನು ಎದ್ದು ನಿಂತು, ಈ ಕಥೆ ಏಕೆ ಸಾಧ್ಯವಿಲ್ಲವೆಂದು ಮೂರು ಕಾರಣ ಕೊಟ್ಟು, “ಒಟ್ಟಿನಲ್ಲಿ ಎಲ್ಲ ಸುಳ್ಳು” ಎಂದೆ. ದೊಡ್ಡಮ್ಮ ಸಿಟ್ಟಾಗಲಿಲ್ಲ. “ಆತು ಮಾರಾಯಾ. ಸುಳ್ಳಾದ್ರೆ ಬ್ಯಾಡ. ಮೊಗ್ಗು ಕೊಡು” ಎಂದಳು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ, ನಾನು ಎದುರಿಗಿದ್ದಾಗ ಅವಳು ಒಂದು ಕಥೆಯನ್ನೂ ಹೇಳಲಿಲ್ಲ.

ಇಂಥವಳು ಸಾಯುವಾಗ ನನ್ನನ್ನು ಕರೆದಳು. ನಾನು ಹೊರಟೆ. ದಾರಿಯಲ್ಲಿ ಲಾರಿ ಬಿದ್ದಿತ್ತು. ಬಿದ್ದಿರಲೇಬೇಕು. ಬೀಳದಿದ್ದರೆ ನಾನು ಯಾರು?

ತಿಥಿಯ ಹಿಂದಿನ ದಿನ ಬಸ್ಸು ಹತ್ತಿದವನು ಹೊನ್ನಾವರದಲ್ಲಿ ಇಳಿದೆ. ಬಸ್‌ಸ್ಟ್ಯಾಂಡಿನ ಪಕ್ಕದ ಆ ಹೋಟೆಲು ಹಾಗೇ ಇತ್ತು. ದುಡ್ಡಿನ ಗಲ್ಲೆಯ ಮೇಲೆ ಕಾಮತ ಮಾಮ. ನಾನು ಕಾಲೇಜಿಗೆ ಹೋಗುವ ಕಾಲದಿಂದ ಪರಿಚಯ. ಅವರ ಕೊಂಕಣಿ ಬೆರೆತ ಕನ್ನಡಕ್ಕೂ ಬನ್ಸಿಗೂ ನಾನು ಹಳೆಯ ಗಿರಾಕಿ.

“ಮಾಮ, ಐದು ವರ್ಷದ ಹಿಂದೆ ಸೇತುವೆ ಹತ್ತಿರ ಬಂಗಡೆ ಲಾರಿ ಬಿದ್ದದ್ದು ನೆನಪಿದ್ಯಾ?” ಎಂದು ಆದಷ್ಟು ಹಗುರವಾಗಿ ಕೇಳಿದೆ.

“ಇಲ್ದೆ ಎಂತ ಮಾಸ್ತರ್ರೆ! ರಸ್ತೆ ತುಂಬ ಬಂಗಡೆ! ಹದ್ದು, ಕಾಗೆ! ಹಸಿರು ಸೀರೆ ಹೆಂಗಸು ಒಬ್ಳು ಮಡ್ಲು ತುಂಬ್ಕಂಡು ಹೋದಳಲ್ಲ!”

ನನ್ನ ಜೀವ ಮರಳಿ ಬಂತು. ಹಸಿರು ಸೀರೆಯನ್ನೂ ಕಂಡ ಸಾಕ್ಷಿ! ಆದರೂ ಹಾಳು ಚಟ ಬಿಡಬೇಕಲ್ಲ. “ನೀವೇ ನೋಡಿದ್ರಾ ಮಾಮ?”

“ನಾ ಎಲ್ಲಿ ನೋಡ್ಲಿ? ಗಲ್ಲೆ ಬಿಟ್ಟು ಏಳ್ಲಿಕ್ಕೆ ಆತದ್ಯಾ? ನೀವೇ ಹೇಳಿದ್ರಲ್ಲ.”

“ಆಮೇಲೆ ಯಾವತ್ತೋ ಹೇಳಿರಬೇಕು.”

“ಆಮೇಲೆ ಎಂತದು? ಅವತ್ತೇ. ಅಗೋ ಆ ಮೂಲೆ ಟೇಬಲ್ಲಿಗೆ ಕೂತು ಫೋನಲ್ಲಿ ಹೇಳ್ತಾ ಇದ್ರಿ, ಗಟ್ಟಿಯಾಗಿ. ಇಡೀ ಹೋಟೆಲು ಕೇಳ್ತಿತ್ತು. ನಾ ನಮ್ಮ ಅಡಿಗೆಯವನಿಗೆ, ಹೋಗು ಮಾರಾಯಾ, ನಿಮ್ಮನೆಗೆ ನಾಲ್ಕು ಬಂಗಡೆ ತಕ್ಕೊಂಡು ಹೋಗು ಅಂದೆ. ಅಂವ ಸೈಕಲ್ ಹೊಡ್ಕಂಡು ಸೇತುವೆ ತನಕ ಹೋಗಿ ಬಂದು, ಅಲ್ಲಿ ಎಂತ ಇಲ್ಲ ಅಂದ. ಅಷ್ಟರೊಳಗೆ ಎಲ್ಲ ಎತ್ತಿ ಆಗಿತ್ತು ಕಾಣ್ತದೆ. ನಮ್ಮೂರ ಜನ ಕೇಳ್ಬೇಕಾ!” ಎಂದು ನಕ್ಕು, “ಕೂತ್ಕಳಿ, ಚಾ ಹೇಳ್ತೆ” ಎಂದರು.

ಆ ಮೂಲೆಯ ಟೇಬಲ್ಲಿಗೆ ಹೋಗಿ ಕೂತೆ. ಕೂತದ್ದೇ ತಡ, ಗೊತ್ತಾಯಿತು ಎಂದು ಬರೆಯಲು ಆಸೆಯಾಗುತ್ತದೆ. ಹಾಗಾಗಲಿಲ್ಲ. ಚಹದ ಮೇಲೆ ಕೆನೆ ಕಟ್ಟುವವರೆಗೂ ಕೂತೆ. ಹೊರಗೆ ಕಂಡಕ್ಟರು “ಭಟ್ಕಳ, ಭಟ್ಕಳ” ಎಂದು ಕೂಗುತ್ತಿದ್ದ. ಆ ಕೂಗಿಗೆ ನಾನು ಅರ್ಧ ಎದ್ದು, ಮತ್ತೆ ಕೂತೆ. ತಲೆಗೆ ನೆನಪಿರದಿದ್ದದ್ದು ಕಾಲಿಗೆ ಇತ್ತು. ಒಂದರ ಹಿಂದೊಂದು ಭಟ್ಕಳದ ಬಸ್ಸು ಹೋಗುವುದನ್ನು ಈ ಕಿಟಕಿಯಿಂದ ನೋಡಿದ್ದೆ. ಮುಂದಿನದಕ್ಕೆ ಹತ್ತುತ್ತೇನೆ, ಮುಂದಿನದಕ್ಕೆ. ಸಾಯುತ್ತಿರುವ ಒಂದು ಮುಖವನ್ನು ನೋಡುವ ಹೆದರಿಕೆಯೋ, ಆ ಮುಖ ‘ಎಲ್ಲ ಸುಳ್ಳು’ ಎಂದವನನ್ನು ನೋಡುವುದರ ಹೆದರಿಕೆಯೋ, ತಿಳಿಯದು. ಶೈಲಕ್ಕನ ಫೋನು ಬಂದದ್ದು ಅಷ್ಟರಲ್ಲೇ ಇರಬೇಕು. ಬಾಯಿಗೆ ಬಂದದ್ದನ್ನು ಹೇಳಿರಬೇಕು. ಹೇಳಿದ ಮೇಲೆ ಅದು ನಡೆಯಿತು.

ನನಗೆ ಹೆದರಿಕೆಯಾದದ್ದು ಸುಳ್ಳು ಹೇಳಿದ್ದಕ್ಕಲ್ಲ. ಇಷ್ಟು ವರ್ಷ ನಾನು ಆ ಬಂಗಡೆಗಳನ್ನು ನಿಜವಾಗಿ ಕಂಡಿದ್ದೆ. ಅವುಗಳ ಬೆನ್ನಿನ ಹಸಿರು ನೀಲಿ ಪಟ್ಟೆ, ಡಾಂಬರಿಗೆ ಅಂಟಿದ ಪೊರೆ, ವಾಸನೆ. ಇದು ಸುಳ್ಳಾದರೆ ನನ್ನ ತಲೆಯಲ್ಲಿ ನಿಜವಾದದ್ದು ಯಾವುದು? ನನ್ನ ತಾಯಿಯ ಮುಖವೇ? ಧಾರವಾಡವೇ? ಮಿರ್ಜಾನದ ಹೊಳೆಯಲ್ಲಿ ಈಜು ಕಲಿತೆನೆಂದು ಹೇಳುತ್ತಿರುತ್ತೇನೆ. ಈಗ ನೀರಿಗಿಳಿಯಲು ಧೈರ್ಯವಿಲ್ಲ. ನಕಾಶೆಯ ಆ ಚುಕ್ಕೆಯ ಕೆಳಗೆ ‘ಇಲ್ಲ’ ಎಂದು ಒತ್ತಿಬಿಟ್ಟರೆ ಯಂತ್ರ ಮರುಮಾತಾಡದೆ ತಿದ್ದಿಕೊಳ್ಳುತ್ತಿತ್ತು. ಎರಡು ಸಲ ಬೆರಳು ಅಲ್ಲಿಗೆ ಹೋಯಿತು. ಆದರೆ ಕಾಮತ ಮಾಮನನ್ನು ಹೇಗೆ ಅಳಿಸುವುದು?

ಭಟ್ಕಳ ಮುಟ್ಟುವಾಗ ಮಧ್ಯಾಹ್ನ. ಶೈಲಕ್ಕ ಅದೇ ಜಗಲಿಯಲ್ಲಿ, ಅಮ್ಮನ ಫೋಟೋಕ್ಕೆ ಮಲ್ಲಿಗೆ ಕಟ್ಟುತ್ತ ಕೂತಿದ್ದಳು. “ಬಂದ್ಯಾ? ಆತು. ಕೈಕಾಲು ತೊಳಿ” ಎಂದಳು. ನಾನು ತೊಳೆಯದೆ ಅವಳೆದುರು ಕೂತೆ. ಈಗ ಹೇಳದಿದ್ದರೆ ನಾಳೆ ಅವಳ ಮಗಳು ಪಲ್ಲವಿಯ ಫೋನಿನಲ್ಲಿ ಆ ಲಾರಿ ಶಾಶ್ವತವಾಗಿ ಮಗುಚಿಬಿಡುತ್ತದೆ.

“ಶೈಲಕ್ಕ, ಅವತ್ತು ಲಾರಿ ಬಿದ್ದಿರಲಿಲ್ಲ.”

ಹೂ ಕಟ್ಟುವ ಅವಳ ಕೈ ನಿಲ್ಲಲಿಲ್ಲ. ನಾನು ಹೋಟೆಲು, ಕಿಟಕಿ, ಬಿಟ್ಟ ಬಸ್ಸುಗಳು, ಎಲ್ಲ ಹೇಳಿದೆ. ಒಂದೂವರೆ ಗಂಟೆ ಮುಂಚೆ ಬಂದು ಮುಟ್ಟಬಹುದಿತ್ತು, ದೊಡ್ಡಮ್ಮನಿಗೆ ಪ್ರಜ್ಞೆ ಇರುವಾಗಲೇ ಬರಬಹುದಿತ್ತು ಎಂದೆ. ನನ್ನ ದನಿ ಪಾಠ ಒಪ್ಪಿಸುವವನ ದನಿಯಂತಿತ್ತು.

“ಮುಗೀತಾ?” ಎಂದಳು ಶೈಲಕ್ಕ. “ನಿನಗೆ ಆ ಮದುಮಗಳ ಕಥೆ ನೆನಪಿಲ್ವಾ?”

“ಯಾವ ಮದುಮಗಳು?”

“ಗಂಡನ ಮನೆಗೆ ಹೋಗ್ಲಿಕ್ಕೆ ಹೆದ್ರಕಂಡವಳು. ಹಸಿರು ಸೀರೆ ಉಟ್ಟು ಹೊರಡ್ತಾಳೆ. ದಾರಿಲಿ ಬಂಗಡೆ ಗಾಡಿ ಮಗುಚ್ತದೆ. ತಿನ್ನೋ ವಸ್ತು ದಾಟಬಾರ್ದು ಅಂತ ಒಂದೊಂದೇ ಎತ್ತಿ, ನಿನ್ನ ಹೆಸರೆಂತ, ನಿನ್ನ ಹೆಸರೆಂತ ಅಂತ ಕೇಳಿ ಕೇಳಿ ಮಡ್ಲಿಗೆ ಹಾಕ್ತಾಳೆ. ಹೊತ್ತು ಹೋಗೂದೇ ಬೇಕಿತ್ತಲ್ಲ ಅವಳಿಗೆ. ನೀನೇ ಅಮ್ಮನ ತಲೆ ತಿಂದಿದ್ಯಲ್ಲ ಚಿಕ್ಕವ ಇರುವಾಗ, ಗಾಡಿ ಯಾರದು, ಎತ್ತು ಎಷ್ಟು ಅಂತ!”

ಮೊಗ್ಗಿನ ಬುಟ್ಟಿ, ಬಾಳೆನಾರು, ಹೆಬ್ಬೆರಳು. ಹಸಿರು ಸೀರೆ. ಇದೇ ಜಗಲಿಯಲ್ಲಿ ಕೇಳಿದ್ದೆ.

“ಅವತ್ತು ನಿನಗೆ ಫೋನು ಮಾಡಿದಾಗ ಅಮ್ಮನಿಗೂ ಕೇಳ್ಲಿ ಅಂತ ಸ್ಪೀಕರಿಗೆ ಹಾಕಿದ್ದೆ,” ಎಂದಳು ಶೈಲಕ್ಕ. “ನೀನು ಬಂಗಡೆ ಅಂದಾಗ ಕಣ್ಣು ಬಿಟ್ಳು. ಹಸಿರು ಸೀರೆ ಅಂದಾಗ ನಗಾಡಿದ್ಳು. ‘ಗಾಡಿ ಇದ್ದದ್ದನ್ನ ಲಾರಿ ಮಾಡಿದ್ದಾನಲ್ಲೇ! ಅಂವ ಹೆದ್ರಕಂಡಿದ್ದಾನೆ. ಬಂದ್ರೆ ಎಲ್ಲಿದ್ದೆ ಅಂತ ಕೇಳ್ಬೇಡ’ ಅಂದ್ಳು. ಆಮೇಲೆ, ‘ಬರುವಾಗ ನಾಲ್ಕು ಬಂಗಡೆ ತರ್ಲಿಕ್ಕೆ ಹೇಳು’ ಅಂದ್ಳು. ಅದೇ ಕಡೇ ಮಾತು. ನಾನು ನಿಂಗೆ ಹೇಳಲಿಲ್ಲ, ಅಷ್ಟೇ. ಕೇಳಬೇಡ ಅಂದಿದ್ಳಲ್ಲ.”

ನಾನು ಅತ್ತೆನೆಂದು ಬರೆದರೆ ನೀವು ನಂಬುತ್ತೀರಿ. ಅಳುವುದಕ್ಕೆ ಮುಂಚೆ ನಾನು ಶೈಲಕ್ಕನ ಮುಖ ನೋಡಿದೆ. ಅವಳು ಅದೇ ತಾಯಿಯ ಮಗಳು. ಎದುರಿಗೆ ಕೂತವನ ಎದೆ ಒಡೆಯುತ್ತಿದ್ದರೆ, ಕೈ ನಿಲ್ಲಿಸದೆ, ಮೂರು ಮೊಳದ ಒಂದು ಸಮಾಧಾನ ಕಟ್ಟಿಕೊಡುವುದು ಅವಳಿಗೆ ಎಷ್ಟರ ಕೆಲಸ? ಆ ಕೋಣೆಯಲ್ಲಿ ಯಾವ ಯಂತ್ರವೂ ಬರೆದುಕೊಂಡಿಲ್ಲ. ನನ್ನ ಒಂದು ಗಂಟೆ ಐವತ್ತು ನಿಮಿಷಕ್ಕೆ ದಾಖಲೆ ಇದೆ, ಅವಳ ನಗುವಿಗೆ ಇಲ್ಲ. “ನಿಜವಾ ಶೈಲಕ್ಕ?” ಎಂಬ ಮಾತು ನಾಲಿಗೆಯ ತುದಿಗೆ ಬಂತು. ಪುರಾವೆ ಮಾಸ್ತರನ ಜೀವಮಾನದ ಪ್ರಶ್ನೆ. ಬುಟ್ಟಿಯಲ್ಲಿ ಇನ್ನೂ ಮೊಗ್ಗು ಇದ್ದವು. ನಾಲ್ಕು ಎಣಿಸಿ ಅವಳ ಕೈಗೆ ಕೊಟ್ಟೆ.

ಮಾರನೆಯ ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಚೀಲ ಹಿಡಿದು ಹೊರಟೆ. ಶೈಲಕ್ಕ ಅಂಗಳಕ್ಕೆ ನೀರು ಹಾಕುತ್ತಿದ್ದಳು, ಎಲ್ಲಿಗೆ ಎಂದು ಕೇಳಲಿಲ್ಲ. “ಬರ್ತೆ” ಎಂದೆ. ಮರಳಿ ಬಂದಾಗ ಚೀಲ ನೋಡಿದಳು, ಎಲ್ಲಿದ್ದೆ ಎಂದೂ ಕೇಳಲಿಲ್ಲ. ನಮ್ಮಲ್ಲಿ ಹೋದವರಿಗೆ ಇಷ್ಟವಾದದ್ದನ್ನು ಮಾಡಿ ಎಲೆಗೆ ಬಡಿಸುತ್ತಾರೆ. ಫೋಟೋದ ಮುಂದಿನ ಬಾಳೆಲೆಯ ಮೇಲೆ ಅನ್ನ, ಪಾಯಸ, ಪಲ್ಯಗಳ ಪಕ್ಕ ನಾಲ್ಕು ಹುರಿದ ಬಂಗಡೆ ಬಂದು ಕೂತವು. ಐದು ವರ್ಷ ತಡ. ಆಗಲೇ ಕಿಸೆಯಲ್ಲಿ ಫೋನು ನಡುಗಿತು. ‘ನೀವು ಮೀನು ಮಾರುಕಟ್ಟೆಗೆ ಭೇಟಿ ನೀಡಿದ್ದಿರಿ. ಅನುಭವ ಹೇಗಿತ್ತು?’

ಊಟವಾದ ಮೇಲೆ ಪಲ್ಲವಿ ತನ್ನ ಫೋನನ್ನು ಲೋಟಕ್ಕೆ ಒರಗಿಸಿ ನನ್ನೆದುರು ಇಟ್ಟಳು. “ಮಾವಾ, ನಿಮ್ಮದು. ಬಂಗಡೆ ಲಾರಿ.” ಕೆಂಪು ಚುಕ್ಕೆ ಹೊತ್ತಿತು. ಶೈಲಕ್ಕ ಬಾಗಿಲಲ್ಲಿ ನಿಂತಿದ್ದಳು.

“ಹೊನ್ನಾವರದಲ್ಲಿ ಒಂದು ಹೋಟೆಲು,” ಎಂದು ಶುರು ಮಾಡಿದೆ. “ಅದರ ಮೂಲೆಯಲ್ಲಿ ಒಂದು ಟೇಬಲ್ಲು. ಮೇಲೆ ಕಿರುಗುಟ್ಟುವ ಫ್ಯಾನು. ಚಹದ ಮೇಲೆ ಕೆನೆ ಕಟ್ಟಿತ್ತು. ನಾನು ಹೆದರಿ ಕೂತಿದ್ದೆ.”

ಹೇಳುತ್ತ ಹೇಳುತ್ತ ತಡೆದೆ. ಕೆನೆ ಕಟ್ಟಿದ್ದು ಐದು ವರ್ಷದ ಹಿಂದಿನ ಚಹಕ್ಕೋ, ನಿನ್ನೆಯದಕ್ಕೋ? ಆ ಹೋಟೆಲಿನಲ್ಲಿ ಫ್ಯಾನು ಎಲ್ಲಿತ್ತು?

ಎಲ್ಲರೂ ಕಾಯುತ್ತಿದ್ದರು. ಪಲ್ಲವಿ ಕಣ್ಣಲ್ಲೇ ‘ಮುಂದೆ?’ ಎಂದಳು. ಬಾಗಿಲಲ್ಲಿದ್ದ ಶೈಲಕ್ಕ ಒಳಗೆ ಹೋಗಿ ಅರ್ಧ ಲೋಟ ನೀರು ತಂದು ನನ್ನ ಮುಂದಿಟ್ಟಳು. ಕುಡಿದೆ. ಫ್ಯಾನನ್ನು ತೆಗೆದುಹಾಕಿ, ಮೊದಲಿನಿಂದ ಹೊರಟೆ.